ಇನ್ನೊಂದೇ ಒಂದು ಸ್ಯಾಂಪಲ್

ನಿದ್ದೆ ಬರುತ್ತಿಲ್ಲ ಎಂದು ಬಂದವರು ಆಕೆ. ಬರವಣಿಗೆಯ ಮಾತಾಗಲಿ, ಕ್ಲೈಂಟ್‌ಗಳ ಮಾತಾಗಲಿ ಮೊದಲ ಭೇಟಿಯಲ್ಲಿ ಬರಲೇ ಇಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ದಿಂಬಿನ ಪಕ್ಕದ ಫೋನಿಗೆ ಕೈ ಹೋಗುತ್ತದೆ, ಇನ್‌ಬಾಕ್ಸ್ ತೆರೆದು ನೋಡುತ್ತಾರೆ, ಏನೂ ಇರುವುದಿಲ್ಲ. ಆಮೇಲೆ ಬೆಳಗಾಗುವ ತನಕ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೇಹದಲ್ಲಿ ತೊಂದರೆ ಕಾಣುತ್ತಿಲ್ಲ ಎಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದರು. "ಆ ಹೊತ್ತಲ್ಲಿ ಯಾರ ಮೇಲ್ ಕಾಯ್ತಾ ಇರ್ತೀರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರದಾದ್ರೂ ಸರಿ ಮೇಡಂ" ಎಂದರು.

ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಡಿದ ಮಾತುಗಳನ್ನು ಮಾತ್ರ ಆದಷ್ಟು ಹಾಗೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣದ ತಿರುಳು ಇರುವುದೇ ಆ ಮಾತುಗಳಲ್ಲಿ.

ಆಕೆಯದು ಹೆಸರು ಅಚ್ಚಾಗದ ಬರವಣಿಗೆ. ಒಂಬತ್ತು ವರ್ಷಗಳಿಂದ ಕಂಪನಿಗಳ ವೆಬ್‌ಸೈಟ್‌ಗೆ ಲೇಖನ, ಮುಖ್ಯಸ್ಥರು ಓದುವ ಭಾಷಣ, ವಾರ್ಷಿಕ ವರದಿಯ ಮೊದಲ ಪುಟ, ಗ್ರಾಹಕರಿಗೆ ಹೋಗುವ ಸುದ್ದಿಪತ್ರ ಇಂಥವನ್ನು ಬರೆದುಕೊಟ್ಟಿದ್ದಾರೆ. ಒಂದೇ ಸಂಸ್ಥೆಯಿಂದ ಬಹುಪಾಲು ಕೆಲಸ ಬರುತ್ತಿತ್ತು. ಅಲ್ಲಿ ಆ ವಿಭಾಗವೇ ಮುಚ್ಚಿತು. ಹೊಸ ಕ್ಲೈಂಟ್‌ಗಳನ್ನು ಹುಡುಕಲು ಶುರುಮಾಡಿದ ದಿನದಿಂದ ಎಲ್ಲರದೂ ಒಂದೇ ಬೇಡಿಕೆ: ನಮ್ಮ ವಿಷಯದ ಮೇಲೆ ಒಂದು ಸ್ಯಾಂಪಲ್ ಬರೆದು ಕಳಿಸಿ, ನೋಡೋಣ.

ಎರಡನೇ ಭೇಟಿಗೆ ಬರುವಾಗ ಹಿಂದಿನ ಏಳು ತಿಂಗಳ ಸ್ಯಾಂಪಲ್‌ಗಳ ಪಟ್ಟಿ ಮಾಡಿಕೊಂಡು ಬನ್ನಿ ಎಂದಿದ್ದೆ. ಆಕೆ ಐದಾರು ಇರಬಹುದು ಎಂದುಕೊಂಡಿದ್ದರು. ಪಟ್ಟಿಯಲ್ಲಿ 14 ಕಡೆಗಳು ಇದ್ದವು. ಹತ್ತು ಕಡೆಯಿಂದ ಉತ್ತರವೇ ಬಂದಿರಲಿಲ್ಲ. ಎರಡರಿಂದ ಸಣ್ಣ ಕೆಲಸ ಸಿಕ್ಕಿತ್ತು. ಒಂದು ಕಡೆಯಿಂದ, ಸ್ವಲ್ಪ ಬೇರೆ ಶೈಲಿಯಲ್ಲಿ ಇನ್ನೊಂದು ಬರೆದುಕೊಡಿ, ಆಮೇಲೆ ಮತ್ತೊಂದು ಎಂಬ ಬೇಡಿಕೆ ಬಂದು, ಮೂರನೆಯದು ಕಳಿಸಿದ ಮೇಲೆ ಸದ್ದಿಲ್ಲ. ಉಳಿದ ಒಂದನ್ನು ಆಕೆ ಪಟ್ಟಿಯ ಕೊನೆಯಲ್ಲಿ ಬರೆದು, ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಅದೇನೆಂದು ಕೇಳಿದೆ. ಕಳಿಸಿದ ಮೂರು ವಾರಕ್ಕೆ ಆ ಬರಹ ಸ್ಯಾಂಪಲ್ ಕೇಳಿದವರ ವೆಬ್‌ಸೈಟ್‌ನಲ್ಲಿ ಪ್ರಕಟವಾಗಿತ್ತು. ಉಪಶೀರ್ಷಿಕೆಗಳೂ ಸೇರಿ ಹೆಚ್ಚುಕಡಿಮೆ ಇದ್ದಂತೆಯೇ.

"ಸಿಟ್ಟು ಬಂತಾ?" ಎಂದೆ.

"ಇಲ್ಲ. ಮೊದಲು ಖುಷಿ ಆಯ್ತು. ಹಾಕಿಕೊಳ್ಳೋ ಅಷ್ಟು ಚೆನ್ನಾಗಿತ್ತಲ್ಲ ಅನ್ನಿಸ್ತು. ಎರಡು ಸಲ ಓದಿದೆ. ಆಮೇಲೆ ನಾನು ಖುಷಿಪಟ್ಟಿದ್ದು ನೆನಸಿಕೊಂಡು ಅಳು ಬಂತು."

ನಿದ್ದೆ ಕೆಟ್ಟಿದ್ದು ಆ ವಾರದಿಂದ.

ಈ ಮಾತು ಕೇಳಿದ ಮೇಲೆ ನನ್ನ ಮನಸ್ಸಿಗೆ ಬಂದ ಮೊದಲ ಉತ್ತರವನ್ನು ನಾನು ಹೇಳದೆ ಹಿಡಿದುಕೊಂಡೆ. "ಇನ್ನು ಮೇಲೆ ಯಾರಿಗೂ ಬಿಟ್ಟಿ ಬರೆದುಕೊಡಬೇಡಿ" ಎಂಬ ಉತ್ತರ ಅದು. ಆಕೆಗೆ ಅದನ್ನು ಗೆಳತಿಯರು, ಮನೆಯವರು ಹತ್ತು ಸಲ ಹೇಳಿದ್ದರು. ಆಕೆಯೇ ಬೇರೆಯವರಿಗೆ ಹೇಳಿದ್ದರು. ಗೊತ್ತಿದ್ದೂ ಮಾಡುತ್ತಿರುವ ಕೆಲಸವನ್ನು ಮಾಡಬೇಡಿ ಎನ್ನುವುದರಿಂದ ನಾಚಿಕೆ ಇಮ್ಮಡಿಯಾಗುತ್ತದೆ, ಅಷ್ಟೆ.

ಇನ್ನೊಂದು ಕಾರಣವೂ ಇತ್ತು. ಸ್ಯಾಂಪಲ್ ಕೇಳುವುದೇ ತಪ್ಪು ಎಂದು ನಾನು ನಂಬುವುದಿಲ್ಲ. ಕೆಲಸಕ್ಕೆ ಜನರನ್ನು ಆರಿಸುವ ವಿಧಾನಗಳ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಫ್ರಾಂಕ್ ಷ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವ ವಿಧಾನ ಮುಂಚೂಣಿಯಲ್ಲಿತ್ತು. ಎಷ್ಟು ವರ್ಷದ ಅನುಭವ ಎಂಬ ಲೆಕ್ಕ ಅದಕ್ಕಿಂತ ಬಹಳ ಹಿಂದಿತ್ತು. ಕ್ಲೈಂಟ್ ಕಡೆಯಿಂದ ನೋಡಿದರೆ ಇದು ಸಹಜವೇ. ಅವರೂ ಮೊದಲು ಯಾರನ್ನೋ ನಂಬಿ ದುಡ್ಡು ಕೊಟ್ಟು, ಬಂದ ಬರಹವನ್ನು ತಾವೇ ರಾತ್ರಿ ಕೂತು ತಿದ್ದಿರುತ್ತಾರೆ. ಆ ಭಯ ನಿಜವಾದದ್ದು. ಅದನ್ನು ಕಳ್ಳತನ ಎಂದು ಕರೆದು ಆಕೆಯ ಮನಸ್ಸಿನಲ್ಲಿ ಜಗತ್ತಿನ ಮೇಲೆಲ್ಲ ಸಂಶಯ ಬಿತ್ತುವುದು ನನಗೆ ಬೇಕಿರಲಿಲ್ಲ.

ಆದರೆ ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಆಕೆಯ ಪಟ್ಟಿಯಲ್ಲಿ ಅಗುಳು ಕೇಳಿದವರೂ ಇದ್ದರು, ಪಾತ್ರೆಯನ್ನೇ ಕೇಳಿದವರೂ ಇದ್ದರು. ಅವರಿಬ್ಬರನ್ನೂ ಆಕೆ ಒಂದೇ ರೀತಿ ನೋಡಿದ್ದರು. 14ನ್ನೂ ಎದುರಿಗಿಟ್ಟುಕೊಂಡು ಒಂದೊಂದಾಗಿ ಬ್ರೀಫ್, ಅಂದರೆ ಏನು ಬೇಕೆಂದು ಕ್ಲೈಂಟ್ ಬರೆದು ಕಳಿಸಿದ ವಿವರ, ಓದುತ್ತ ಹೋದೆವು. ಬಳಸಬೇಕಾದ ಹುಡುಕುಪದಗಳು, ಪೂರ್ಣ ಉದ್ದ, ಚಿತ್ರದ ಅಡಿಬರಹ, ಶೀರ್ಷಿಕೆಗೆ ಮೂರು ಆಯ್ಕೆ ಎಂದೆಲ್ಲ ಕೇಳಿದ ಬ್ರೀಫ್ ಒಂದಿತ್ತು. ಬರವಣಿಗೆ ಹೇಗಿದೆ ಎಂದು ನೋಡಲು ಚಿತ್ರದ ಅಡಿಬರಹ ಏಕೆ? ಇನ್ನೊಂದರಲ್ಲಿ ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ವಿಷಯ ಹಂಚಲಾಗಿತ್ತು. ಆಕೆಗೆ ಪರಿಚಯವಿದ್ದ ಇನ್ನೊಬ್ಬ ಬರಹಗಾರರಿಗೆ ಸಿಕ್ಕ ವಿಷಯವೇ ಬೇರೆ. ಹೋಲಿಸಿ ನೋಡಬೇಕೆಂದಿದ್ದರೆ ಎಲ್ಲರಿಗೂ ಒಂದೇ ವಿಷಯ ಕೊಡುತ್ತಿದ್ದರಲ್ಲವೇ ಎಂದು ನಾನು ಕೇಳಿದಾಗ ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಹಾಗೆ ಹಂಚಿದರೆ ಒಂದು ತಿಂಗಳಿಗೆ ಬೇಕಾಗುವಷ್ಟು ಲೇಖನಗಳು ಯಾರಿಗೂ ಏನೂ ಕೊಡದೆ ಸೇರಿಬಿಡುತ್ತವೆ. ಅವರ ಉದ್ದೇಶ ಅದೇ ಆಗಿತ್ತು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಕೇಳಬಹುದಾಗಿದ್ದ ಪ್ರಶ್ನೆ ಅದು, ಆಕೆ ಕೇಳಿರಲಿಲ್ಲ.

ಆ ದಿನ ನಾವು ಕಂಡುಕೊಂಡ ಒಂದು ಒರೆಗಲ್ಲನ್ನು ಆಮೇಲೆ ಬೇರೆ ಬರಹಗಾರರಿಗೂ ಹೇಳಿದ್ದೇನೆ. ಈ ಬರಹ ಇಲ್ಲಿ ಬೇಡವೆಂದಾದರೆ ಇನ್ನೊಂದು ಕಡೆ ನಡೆಯುತ್ತದೆಯೇ? ಪತ್ರಿಕೆಗೆ ಯಾರೂ ಕೇಳದೆ ಲೇಖನ ಬರೆದು ಕಳಿಸುವುದು ಹಳೆಯ, ಗೌರವದ ಪದ್ಧತಿ. ಅಲ್ಲೂ ಮುಂಗಡವಿಲ್ಲ, ಭರವಸೆಯಿಲ್ಲ. ಆದರೆ ವಿಷಯ ಬರಹಗಾರರದು. ಒಬ್ಬ ಸಂಪಾದಕರು ಬೇಡವೆಂದರೆ ಇನ್ನೊಬ್ಬರಿಗೆ ಕಳಿಸಬಹುದು. ಒಂದು ಕಂಪನಿಯ ಒಂದು ಉತ್ಪನ್ನದ ಬಗ್ಗೆ, ಅವರದೇ ಧಾಟಿಯಲ್ಲಿ ಬರೆದುಕೊಟ್ಟದ್ದನ್ನು ಅವರು ಬೇಡವೆಂದ ಮೇಲೆ ಎಲ್ಲಿಗೆ ಒಯ್ಯುವುದು? ಅಂಥ ಬರಹ ಹುಟ್ಟುವಾಗಲೇ ಅವರ ಸ್ವತ್ತಿನಂತೆ ಹುಟ್ಟುತ್ತದೆ. ಅದಕ್ಕೆ ಸಂಭಾವನೆ ಕೇಳುವುದರಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಮೂರು ಸ್ಯಾಂಪಲ್ ಬರೆಸಿಕೊಂಡು ಸುಮ್ಮನಾದ ಕ್ಲೈಂಟ್ ಬಗ್ಗೆ ಆಕೆಗೆ ತನ್ನ ಮೇಲೆಯೇ ಹೆಚ್ಚು ಕೋಪ. "ಮೊದಲನೇದು ಸರಿ. ಮೂರನೇದು ಬರೆಯೋ ಅಷ್ಟು ದಡ್ಡಿ ಹೇಗಾದೆ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬರೀ ಬಾಯಿಮಾತಿನಲ್ಲಿ ಹೇಳಿದರೆ ಆಕೆ ನಂಬುತ್ತಿರಲಿಲ್ಲ. ಹಾಗಾಗಿ 1966ರ ಒಂದು ಪ್ರಯೋಗದ ಕತೆ ಹೇಳಿದೆ. ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬ ಮನೋವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಗೃಹಿಣಿಯರಿಗೆ ಫೋನ್ ಮಾಡಿಸಿ, ಬಳಸುವ ಸೋಪಿನ ಬಗ್ಗೆ ಕೆಲವು ಪ್ರಶ್ನೆ ಕೇಳಿಸಿದರು. ಮೂರು ದಿನ ಬಿಟ್ಟು ಮತ್ತೆ ಫೋನ್: ನಮ್ಮ ಐದಾರು ಜನ ನಿಮ್ಮ ಮನೆಗೆ ಬಂದು ಎರಡು ಗಂಟೆ ಕಪಾಟುಗಳನ್ನೆಲ್ಲ ತೆಗೆದು ಯಾವ ಯಾವ ವಸ್ತು ಇದೆ ಎಂದು ಪಟ್ಟಿ ಮಾಡಬಹುದೇ? ನೇರವಾಗಿ ಈ ಎರಡನೇ ಬೇಡಿಕೆಯನ್ನೇ ಕೇಳಿದವರಲ್ಲಿ ಒಪ್ಪಿದ್ದು ನೂರಕ್ಕೆ 22 ಮಂದಿ. ಮೊದಲು ಸೋಪಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದವರಲ್ಲಿ ಒಪ್ಪಿದ್ದು ನೂರಕ್ಕೆ 53ರಷ್ಟು. ಸಣ್ಣದೊಂದಕ್ಕೆ ಹೂಂ ಎಂದ ಮನುಷ್ಯ ಮುಂದಿನ ದೊಡ್ಡದಕ್ಕೆ ಹೂಂ ಎನ್ನುವ ಸಾಧ್ಯತೆ ಹೆಚ್ಚು. ನಾನು ಸಹಕರಿಸುವವನು ಎಂದು ತನ್ನ ಬಗ್ಗೆ ತಾನೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿರುತ್ತಾನೆ ಎಂಬುದು ಅವರ ವಿವರಣೆ. ಇದರ ಜೊತೆಗೆ ಈಗಾಗಲೇ ಸುರಿದ ಶ್ರಮದ ಎಳೆತವೂ ಸೇರುತ್ತದೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ತೋರಿಸಿದ ಹಾಗೆ, ನಾಟಕದ ಸೀಸನ್ ಟಿಕೆಟ್‌ಗೆ ಪೂರ್ತಿ ಬೆಲೆ ಕೊಟ್ಟವರು ರಿಯಾಯಿತಿಯಲ್ಲಿ ಕೊಂಡವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಅದೇ, ಕೊಟ್ಟದ್ದು ವ್ಯರ್ಥವಾಗಬಾರದು ಎಂಬ ಹಟ ಬೇರೆ. ಎರಡು ಸ್ಯಾಂಪಲ್ ಕೊಟ್ಟವರಿಂದ ಮೂರನೆಯದು ಮೊದಲನೆಯದಕ್ಕಿಂತ ಸುಲಭವಾಗಿ ಬರೆಯಿಸಿಕೊಳ್ಳುವುದು ಹೀಗೆ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಾಗಾದ್ರೆ ಅವರು ಬೇಕಂತಲೇ ಹೀಗೆ ಮಾಡಿದ್ರಾ?"

ಬಹುಶಃ ಇಲ್ಲ ಎಂದೆ. ಈ ಮಾತನ್ನು ನಾನು ಒತ್ತಿ ಹೇಳಬೇಕು. ನನ್ನ ಬಳಿ ಬಂದ ಹಲವು ಬರಹಗಾರರ ಅನುಭವಗಳನ್ನು ಕೂಡಿಸಿ ನೋಡಿದಾಗ ನನಗೆ ಕಂಡದ್ದೆಂದರೆ, ಸ್ಯಾಂಪಲ್ ಕೇಳುವವರ ಕೈಯಲ್ಲಿ ಎಷ್ಟೋ ಸಲ ಖರ್ಚು ಮಾಡುವ ಅಧಿಕಾರವೇ ಇರುವುದಿಲ್ಲ. ಮೇಲಿನವರಿಗೆ ತೋರಿಸಿ ಒಪ್ಪಿಗೆ ಪಡೆಯಲು ಏನಾದರೊಂದು ಬೇಕು, ಅದಕ್ಕೆ ಸ್ಯಾಂಪಲ್. ಮೇಲಿನವರು ಇನ್ನೇನೋ ಹೇಳುತ್ತಾರೆ, ಮತ್ತೊಂದು ಸ್ಯಾಂಪಲ್. ಕೊನೆಗೆ ಬಜೆಟ್ ಇಲ್ಲ ಎಂದಾಗುತ್ತದೆ. ಅದನ್ನು ತಿಳಿಸಲು ಅವರಿಗೂ ಮುಖವಿಲ್ಲ, ಸುಮ್ಮನಾಗುತ್ತಾರೆ. ಮೂಗಿಗೆ ತುಪ್ಪ ಸವರಬೇಕೆಂದು ಹೊರಟವರಲ್ಲ ಅವರು. ಆದರೆ ತುಪ್ಪದ ವಾಸನೆಯಲ್ಲಿ ಏಳು ತಿಂಗಳು ಕಳೆದವರು ಈ ಕಡೆಯವರು. ನಿರ್ಧಾರ ಯಾರದು ಎಂದು ಮೊದಲೇ ಕೇಳಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು.

ನಾಲ್ಕನೇ ಭೇಟಿಯಲ್ಲಿ ನಾನು ಎಡವಿದೆ. ದಿಟ್ಟವಾಗಿ ಬೇಡ ಎನ್ನುವುದನ್ನು ಕಲಿಸೋಣ ಎಂದು, ನಾನು ಕ್ಲೈಂಟ್ ಆಗಿ, ಆಕೆ ಆಕೆಯೇ ಆಗಿ ಸಂಭಾಷಣೆ ಅಭ್ಯಾಸ ಮಾಡಿದೆವು. ಆಕೆ ಚೆನ್ನಾಗಿಯೇ ಮಾಡಿದರು. "ಕ್ಷಮಿಸಿ, ನಾನು ಉಚಿತ ಸ್ಯಾಂಪಲ್ ಬರೆಯುವುದಿಲ್ಲ" ಎಂದು ಧ್ವನಿ ನಡುಗದೆ ಹೇಳಿದರು. ನನಗೆ ಸಂತೋಷವಾಯಿತು. ಮುಂದಿನ ವಾರ ಬಂದವರ ಮುಖ ನೋಡಿದರೆ ಮೊದಲ ದಿನಕ್ಕಿಂತ ಬಾಡಿತ್ತು. ಒಬ್ಬ ಕ್ಲೈಂಟ್‌ಗೆ ಅದೇ ವಾಕ್ಯ ಬರೆದು ಕಳಿಸಿದ್ದರು. ಕಳಿಸಿದ ಮೇಲೆ ಎರಡು ದಿನ ಇನ್‌ಬಾಕ್ಸ್ ತೆರೆಯಲು ಹೆದರಿದ್ದರು. ಆ ಎರಡು ದಿನದಲ್ಲಿ ಬೇರೆ ಯಾರೋ ಕೇಳಿದ್ದ ನಿಜವಾದ ಕೆಲಸ ಕೈತಪ್ಪಿತು.

ತಪ್ಪು ನನ್ನದು, ಆಕೆಯದಲ್ಲ ಎಂದು ಆಕೆಗೆ ಹೇಳಿದೆ. ಆಕೆಗೆ ಬೇಕಾಗಿದ್ದು ಬಾಗಿಲು ಹಾಕುವ ಧೈರ್ಯವಲ್ಲ. ಬಾಗಿಲಲ್ಲಿ ನಿಂತು ನಾಲ್ಕು ಮಾತು ಕೇಳುವ ಧೈರ್ಯ. ಅದು ಏಕಿಲ್ಲ ಎಂದು ತಿಳಿಯದೆ ನಾನು ಔಷಧ ಕೊಟ್ಟಿದ್ದೆ. ಸಂಸಾರಕ್ಕೆ ಆ ದುಡ್ಡು ಬೇಕಿರುವವರಿಗೆ ಖಡಾಖಂಡಿತ ನಿರಾಕರಣೆಯನ್ನು ಬೋಧಿಸುವುದು ಎಷ್ಟು ಸುಲಭ, ಅದನ್ನು ಪಾಲಿಸುವುದು ಎಷ್ಟು ದುಬಾರಿ ಎಂದು ಅಂದು ಮನವರಿಕೆಯಾಯಿತು.

ಹಾಗಾಗಿ ಹಿಂದಕ್ಕೆ ಹೋದೆವು. ಸ್ಯಾಂಪಲ್ ಕೇಳಿದ ಮೇಲ್ ಓದಿದಾಗ ಮೈಯಲ್ಲಿ ಏನಾಗುತ್ತದೆ, ತಲೆಯಲ್ಲಿ ಮೊದಲು ಯಾವ ವಾಕ್ಯ ಮೂಡುತ್ತದೆ ಎಂದು ನಿಧಾನವಾಗಿ ಕೇಳಿದೆ. ಆಕೆ ಹೇಳಿದ ವಾಕ್ಯ ಇದು: "ಈಗ ಗೊತ್ತಾಗುತ್ತೆ." ಏನು ಗೊತ್ತಾಗುತ್ತೆ? "ನನಗೆ ಬರೆಯೋಕೆ ಬರುತ್ತೋ ಇಲ್ಲವೋ ಅಂತ."

ಒಂಬತ್ತು ವರ್ಷ ಬರೆದವರ ಮಾತು ಇದು. ಸಮರ್ಥರಾದವರೇ ತಮ್ಮ ಸಾಧನೆಯನ್ನು ನಂಬದೆ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇವೆ ಎಂಬ ಭಯದಲ್ಲಿ ಬದುಕುವ ಸ್ಥಿತಿಯನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ವಿವರಿಸಿದ್ದರು. 150ಕ್ಕೂ ಹೆಚ್ಚು ಸಾಧಕ ಮಹಿಳೆಯರ ಜೊತೆಗಿನ ಅನುಭವದ ಮೇಲೆ ನಿಂತ ಬರಹ ಅದು. ಆಕೆಯಲ್ಲಿ ಅದರ ನೆರಳು ಇತ್ತು. ಆದರೆ ಎಲ್ಲವನ್ನೂ ಮನಸ್ಸಿನ ಖಾತೆಗೆ ಬರೆದು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ, ಅದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಕಣ್ಣಿಗೆ ಕಾಣುವ ಕಾರಣವೂ ಇತ್ತು. ಬರೆದ ಭಾಷಣವನ್ನು ಬೇರೆಯವರು ಓದಿ ಚಪ್ಪಾಳೆ ಪಡೆದರು. ಲೇಖನಗಳಲ್ಲಿ ಕಂಪನಿಯ ಹೆಸರು ಮಾತ್ರ. ಕೆಲವದರ ಬಗ್ಗೆ ಹೊರಗೆ ಹೇಳಕೂಡದೆಂಬ ಗೋಪ್ಯತೆಯ ಕರಾರು. "ನನ್ನ ಹೆಸರಲ್ಲಿ ಒಂದು ಪುಟ ಇಲ್ಲ ಮೇಡಂ. ಹಾಗಾಗಿ ಪ್ರತಿ ಸಲ ನಾನು ಹೊಸಬಳೇ" ಎಂದರು. ತೋರಿಸಲು ಏನೂ ಇಲ್ಲದವರು ಕೇಳಿದ್ದನ್ನೆಲ್ಲ ಹೊಸದಾಗಿ ಬರೆಯಲೇಬೇಕಾಗುತ್ತದೆ. ಕದ್ದು ಹಾಕಿದ ಲೇಖನ ಕಂಡು ಖುಷಿಯಾದದ್ದು ಏಕೆಂದು ಆಗ ಇಬ್ಬರಿಗೂ ಅರ್ಥವಾಯಿತು. ಎಷ್ಟೋ ಕಾಲದ ನಂತರ ಸಿಕ್ಕ ಫಲಿತಾಂಶ ಅದು: ಪಾಸಾಗಿದ್ದೀರಿ ಎಂಬ ಫಲಿತಾಂಶ, ಅಂಕಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ.

ನನ್ನ ಸಲಹೆ ಇಲ್ಲಿಂದ ಶುರುವಾಯಿತು. ಮೊದಲನೆಯದು ಆಕೆಗೆ ವಿಚಿತ್ರವೆನಿಸಿತು: ಬಿಟ್ಟಿ ಬರೆಯಿರಿ, ಆದರೆ ನಿಮಗೆ. ಮುಂದಿನ ಆರು ವಾರದಲ್ಲಿ ಮೂರು ಬರಹ, ನೀವು ಆರಿಸಿದ ವಿಷಯದ ಮೇಲೆ, ನಿಮಗೆ ಬೇಕಾದ ಬಗೆಯ ಕೆಲಸ ಯಾವುದೋ ಆ ಬಗೆಯಲ್ಲಿ. ಒಂದು ಭಾಷಣ, ಒಂದು ವಿವರಣಾತ್ಮಕ ಲೇಖನ, ಒಂದು ಸುದ್ದಿಪತ್ರ. ಪ್ರತಿಯೊಂದರ ಮೇಲೆ ನಾಲ್ಕು ಸಾಲು: ಇದು ಯಾವ ಓದುಗರಿಗೆ, ಬರೆಯುವಾಗಿನ ತೊಡಕೇನಿತ್ತು, ಅದನ್ನು ಹೇಗೆ ಬಿಡಿಸಿದೆ. ಈ ನಾಲ್ಕು ಸಾಲನ್ನು ನಾನು ಬರಹದಷ್ಟೇ ಮುಖ್ಯವೆಂದು ತಿಳಿಯುತ್ತೇನೆ. ಕ್ಲೈಂಟ್‌ಗೆ ಬೇಕಾದದ್ದು ಚೆಂದದ ವಾಕ್ಯವೊಂದೇ ಅಲ್ಲ, ಈಕೆ ಹೇಗೆ ಯೋಚಿಸುತ್ತಾರೆ ಎಂಬ ಅಂದಾಜು. ಜೊತೆಗೆ ಹಳೆಯ ಕ್ಲೈಂಟ್‌ಗಳಿಗೆ ಪತ್ರ ಬರೆಯಲು ಹೇಳಿದೆ: ನಿಮಗಾಗಿ ಬರೆದ ಒಂದೆರಡು ಪುಟಗಳನ್ನು, ಪ್ರಕಟಿಸದೆ, ಕೆಲಸ ಕೊಡುವವರಿಗೆ ಖಾಸಗಿಯಾಗಿ ತೋರಿಸಬಹುದೇ? ಕರಾರನ್ನು ಮೊದಲು ಓದಿಕೊಂಡು, ಒಪ್ಪಿಗೆ ಬರಹದಲ್ಲೇ ಪಡೆದು. ಆಕೆ ನಾಲ್ವರಿಗೆ ಬರೆದರು; ಇಬ್ಬರು ಅದೇ ದಿನ ಒಪ್ಪಿದರು. ಒಬ್ಬರು ಎರಡು ಸಾಲಿನ ಮೆಚ್ಚುಗೆಯನ್ನೂ ಕಳಿಸಿದರು. ಅದನ್ನು ಓದಿ ಹೇಳುವಾಗ ಆಕೆಯ ದನಿ ಒಡೆಯಿತು. ಕೇಳಿದರೆ ಕೊಡುತ್ತಿದ್ದರು, ಒಂಬತ್ತು ವರ್ಷದಲ್ಲಿ ಕೇಳಿರಲಿಲ್ಲ.

ಎರಡನೆಯದು ಉತ್ತರದ ಮಾದರಿ. ಸ್ಯಾಂಪಲ್ ಕೇಳಿದವರಿಗೆ ಆ ಕ್ಷಣದ ಮನಸ್ಥಿತಿಯಲ್ಲಿ ಬರೆದರೆ ಅದು ಅತಿವಿನಯವಾಗುತ್ತದೆ ಅಥವಾ ಸಿಡುಕಾಗುತ್ತದೆ. ಹಾಗಾಗಿ ಶಾಂತವಾಗಿರುವಾಗ ಒಮ್ಮೆ ಬರೆದಿಟ್ಟುಕೊಳ್ಳುವುದು. ನಾನು ಬರೆದ ಕರಡನ್ನು ಆಕೆ ಬಹಳ ತಿದ್ದಿದರು, ತಿದ್ದಿದ್ದು ಚೆನ್ನಾಗಿಯೇ ಇತ್ತು:

"ನಮಸ್ಕಾರ. ನಿಮ್ಮ ಕೆಲಸದಲ್ಲಿ ನನಗೆ ಆಸಕ್ತಿಯಿದೆ. ಇದೇ ಬಗೆಯ ನನ್ನ ಮೂರು ಬರಹಗಳನ್ನು ಲಗತ್ತಿಸಿದ್ದೇನೆ. ಇವುಗಳಿಂದ ತೀರ್ಮಾನಕ್ಕೆ ಬರಲು ಆಗದಿದ್ದರೆ ನಿಮ್ಮದೇ ವಿಷಯದ ಮೇಲೆ ಒಂದು ಟ್ರಯಲ್ ಬರೆದುಕೊಡುತ್ತೇನೆ. ಅದಕ್ಕೆ ನನ್ನ ಸಾಮಾನ್ಯ ಸಂಭಾವನೆಯ ಅರ್ಧ. ನೀವು ಅದನ್ನು ಬಳಸುವುದಾದರೆ ಉಳಿದರ್ಧ ಕೊಡಬಹುದು. ಬಳಸದಿದ್ದರೆ ಬರಹದ ಹಕ್ಕು ನನ್ನಲ್ಲೇ ಇರುತ್ತದೆ. ಶುರುಮಾಡುವ ಮೊದಲು ಎರಡು ವಿಷಯ ತಿಳಿಸಿದರೆ ಅನುಕೂಲ: ಇದನ್ನು ಓದಿ ನಿರ್ಧರಿಸುವವರು ಯಾರು? ಯಾವ ದಿನದೊಳಗೆ ತಿಳಿಸುತ್ತೀರಿ?"

ಅರ್ಧ ಸಂಭಾವನೆ ಎಂಬುದು ನಾವು ಕಟ್ಟಿದ ಹೊಸ ಪದ್ಧತಿಯಲ್ಲ. ಹೇಳಿ ಬರೆಸಿದ ಲೇಖನವನ್ನು ಪ್ರಕಟಿಸದೆ ಬಿಟ್ಟರೂ ಒಪ್ಪಿದ ಮೊತ್ತದ ಒಂದು ಪಾಲು ಕೊಡುವ 'ಕಿಲ್ ಫೀ' ಪತ್ರಿಕಾ ಲೋಕದಲ್ಲಿ ಮೊದಲಿನಿಂದ ಇದೆ. ಗ್ರಾಫಿಕ್ ಡಿಸೈನ್ ಮಾಡುವವರು ಇದೇ ಸಮಸ್ಯೆಯನ್ನು 'ಸ್ಪೆಕ್ ವರ್ಕ್' ಎಂದು ಕರೆದು ಬಹಳ ಹಿಂದೆಯೇ ಎದುರಿಸಿದ್ದಾರೆ. 1914ರಲ್ಲಿ ಹುಟ್ಟಿದ ಅಮೆರಿಕದ ವಿನ್ಯಾಸಕಾರರ ಸಂಸ್ಥೆ ಎಐಜಿಎ ಸಂಭಾವನೆಯಿಲ್ಲದ ಇಂಥ ಕೆಲಸದ ಅಪಾಯಗಳ ಬಗ್ಗೆ ತನ್ನ ನಿಲುವನ್ನು ಬಹಿರಂಗವಾಗಿಯೇ ಹೇಳಿದೆ. ಇದನ್ನೆಲ್ಲ ಹೇಳಿದ್ದು ಆಕೆಗೆ ಮಾಹಿತಿಗಿಂತ ಹೆಚ್ಚಾಗಿ ಸಮಾಧಾನಕ್ಕೆ ಬೇಕಾಗಿತ್ತು. ತನ್ನೊಬ್ಬಳ ದುರ್ಬಲತೆ ಎಂದುಕೊಂಡದ್ದು ಇಡೀ ಕಸುಬಿನ ತೊಡಕು ಎಂದು ತಿಳಿದಾಗ ಎದೆಯ ಭಾರ ಸ್ವಲ್ಪ ಇಳಿಯುತ್ತದೆ.

ಹಕ್ಕಿನ ವಿಷಯದಲ್ಲಿ ನಾನು ವಕೀಲೆಯಲ್ಲ, ವಿವಾದ ಬಂದರೆ ವಕೀಲರನ್ನೇ ಕಾಣಿ ಎಂದಿದ್ದೇನೆ. ಆದರೆ ಆಕೆಗೆ ಗೊತ್ತಿರದಿದ್ದ ಒಂದು ಮೂಲ ಸಂಗತಿಯಿತ್ತು. ನೋಂದಣಿ ಮಾಡಿಸದ್ದಕ್ಕೆ ಹಕ್ಕಿಲ್ಲ ಎಂದುಕೊಂಡಿದ್ದರು. 1886ರ ಬರ್ನ್ ಒಪ್ಪಂದ 1908ರಲ್ಲಿ ಬರ್ಲಿನ್‌ನಲ್ಲಿ ಪರಿಷ್ಕೃತವಾದಾಗಲೇ ಕೃತಿಸ್ವಾಮ್ಯಕ್ಕೆ ನೋಂದಣಿಯಂಥ ವಿಧಿಗಳ ಅಗತ್ಯವಿಲ್ಲ ಎಂದಾಗಿದೆ, ಇಂದು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಬರೆದ ಗಳಿಗೆಯಿಂದ ಬರಹ ಬರೆದವರದು, ಬರೆದುಕೊಟ್ಟ ಕರಾರು ಬೇರೆ ಹೇಳದಿದ್ದರೆ. ಆದರೆ ರಕ್ಷಣೆ ವಾಕ್ಯಗಳಿಗೆ, ಐಡಿಯಾಗಳಿಗಲ್ಲ. ಆದ್ದರಿಂದ ಆಸೆಯಿಂದ ಹನ್ನೆರಡು ಲೇಖನಗಳ ಯೋಜನೆಯನ್ನೇ ಮೊದಲ ಮೇಲ್‌ನಲ್ಲಿ ಬರೆದು ಕಳಿಸಬೇಡಿ ಎಂದೆ. ಆಕೆ ಹಾಗೆ ಎರಡು ಸಲ ಮಾಡಿದ್ದರು. ಟ್ರಯಲ್ ಕಳಿಸುವಾಗ ಅಡಿಯಲ್ಲಿ ಒಂದು ಸಾಲು ಇರಲಿ: ಇದು ಪರಿಶೀಲನೆಗೆ ಮಾತ್ರ, ಪ್ರಕಟಣೆಯ ಹಕ್ಕು ಪೂರ್ಣ ಪಾವತಿಯ ನಂತರ. ಈ ಸಾಲು ಕಳ್ಳರನ್ನು ತಡೆಯುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಮರೆವಿನಿಂದ, ಉದಾಸೀನದಿಂದ ಬಳಸಿಬಿಡುವವರನ್ನು ತಡೆಯುತ್ತದೆ.

ಇಷ್ಟೆಲ್ಲ ಇದ್ದೂ ಆ ಗಳಿಗೆಯಲ್ಲಿ ಕೈ ತಾನಾಗಿ ಓಡುತ್ತದೆ. "ತುರ್ತು" ಎಂಬ ಪದ ಕಂಡರೆ ಆಕೆ ಬೇರೆ ಎಲ್ಲವನ್ನೂ ಬಿಟ್ಟು ಕೂರುತ್ತಿದ್ದರು. ಇದಕ್ಕೆ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಅವರ, 1999ರಲ್ಲಿ ಅವರು ವಿಸ್ತಾರವಾಗಿ ಬರೆದ, 'ಹೀಗಾದರೆ ಹೀಗೆ' ಎಂಬ ಯೋಜನೆಯನ್ನು ಬಳಸಿದೆವು. ಇನ್ನು ಎಚ್ಚರವಾಗಿರುತ್ತೇನೆ ಎಂಬ ಸಾಮಾನ್ಯ ಸಂಕಲ್ಪಕ್ಕಿಂತ, ಇಂಥ ಸನ್ನಿವೇಶ ಬಂದರೆ ಇಂಥದ್ದನ್ನೇ ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಟ್ಟುಕೊಂಡರೆ ಅದು ನಡೆಯುವ ಸಾಧ್ಯತೆ ಹೆಚ್ಚು. ಆಕೆ ತಮ್ಮ ಕೈಬರಹದಲ್ಲಿ ಬರೆದುಕೊಂಡರು: ಸ್ಯಾಂಪಲ್ ಕೇಳಿದ ಮೇಲ್ ಬಂದರೆ, ಮಾರನೇ ದಿನ ಬೆಳಿಗ್ಗೆ ಸಿದ್ಧ ಉತ್ತರ ಕಳಿಸುತ್ತೇನೆ. ಎರಡನೇ ಸ್ಯಾಂಪಲ್ ಕೇಳಿದರೆ, ಮೊದಲನೆಯದರ ಬಗ್ಗೆ ಲಿಖಿತ ಅಭಿಪ್ರಾಯ ಕೇಳುತ್ತೇನೆ. ರಾತ್ರಿ ಎಚ್ಚರವಾದರೆ, ಫೋನ್ ಇರುವ ಕೋಣೆಗೆ ಹೋಗುವುದಿಲ್ಲ. ಫೋನನ್ನು ಮಲಗುವ ಕೋಣೆಯಿಂದ ಹೊರಗಿಡುವುದು ಆ ರಾತ್ರಿಯಿಂದಲೇ ಜಾರಿಗೆ ಬಂತು.

ದುಡ್ಡಿಲ್ಲದೆ ಬರೆಯಲೇಬಾರದೇ ಎಂದು ಆಕೆ ಒಮ್ಮೆ ಕೇಳಿದರು. ಹಾಗೇನಿಲ್ಲ. ಒಂದು ಪ್ಯಾರಾ, ಹೆಚ್ಚೆಂದರೆ 200 ಪದ, ನೀವಾಗಿ ತೀರ್ಮಾನಿಸಿ ಕೊಡಬಹುದು. ನಿಮ್ಮ ಮನಸ್ಸಿಗೆ ಹತ್ತಿರದ ಕಾರಣಕ್ಕೆ ಬರೆದುಕೊಟ್ಟರೆ ಅದು ಉಡುಗೊರೆ, ಉಡುಗೊರೆಗೆ ಲೆಕ್ಕವಿಲ್ಲ. ಈಗಷ್ಟೇ ಬರೆಯಲು ತೊಡಗಿದವರಿಗೆ ನಾನು ಇಷ್ಟು ಬಿಗಿಯಾಗಿ ಹೇಳುವುದೂ ಇಲ್ಲ. ಅವರು ಒಂದೆರಡು ಉಚಿತ ಕೆಲಸ ಮಾಡಿ, ಹೆಸರು ಹಾಕಿಸಿಕೊಂಡು, ಅದನ್ನು ತೋರಿಸಿ ಮುಂದೆ ಹೋಗಬಹುದು. ಕೈ ತೀರಾ ಕಟ್ಟಿದ ತಿಂಗಳಲ್ಲಿ ನೀವು ಮತ್ತೆ ಒಂದು ಪೂರ್ತಿ ಸ್ಯಾಂಪಲ್ ಬರೆದರೂ ನಾನು ತಪ್ಪೆನ್ನುವುದಿಲ್ಲ. ಎಷ್ಟು ಗಂಟೆ ಹೋಯಿತೆಂದು ಬರೆದಿಡಿ, ಅಷ್ಟೇ ನನ್ನ ಕೋರಿಕೆ ಎಂದೆ. ಲೆಕ್ಕವಿದ್ದರೆ ಅದು ನೀವು ಕೊಟ್ಟದ್ದು, ಇಲ್ಲದಿದ್ದರೆ ಕಳೆದುಹೋದದ್ದು.

ಮುಂದಿನ ಎರಡು ತಿಂಗಳಲ್ಲಿ ಆರು ಕಡೆಯಿಂದ ಸ್ಯಾಂಪಲ್ ಬೇಡಿಕೆ ಬಂತು. ಆರಕ್ಕೂ ಆಕೆ ಸಿದ್ಧ ಉತ್ತರ ಕಳಿಸಿದರು. ಇಬ್ಬರು ಮತ್ತೆ ಬರೆಯಲಿಲ್ಲ. ಒಬ್ಬರು, ಬೇರೆ ಎಲ್ಲರೂ ಉಚಿತವಾಗಿ ಕೊಡುತ್ತಿದ್ದಾರೆ ಎಂದು ಒರಟಾಗಿಯೇ ಉತ್ತರಿಸಿದರು. ಅಂದು ಆಕೆ ಊಟ ಮಾಡಲಿಲ್ಲ, ಎರಡು ದಿನ ಆ ವಾಕ್ಯ ಕಿವಿಯಲ್ಲಿತ್ತು. ಇಬ್ಬರು ಲಗತ್ತಿಸಿದ ಬರಹಗಳನ್ನು ಓದಿ, ಟ್ರಯಲ್ ಬೇಡ, ನೇರ ಕೆಲಸ ಶುರುಮಾಡೋಣ ಎಂದರು. ಉಳಿದವರೊಬ್ಬರು ಅರ್ಧ ಸಂಭಾವನೆಗೆ ಒಪ್ಪಿ ಟ್ರಯಲ್ ಬರೆಸಿದರು. ಹೇಳಿದ ದಿನಕ್ಕೆ ಸರಿಯಾಗಿ, ಇದು ನಮ್ಮ ಧಾಟಿಗೆ ಹೊಂದುತ್ತಿಲ್ಲ ಎಂದು ಕಾರಣ ಸಹಿತ ತಿಳಿಸಿ, ಹಣ ಹಾಕಿದರು.

ಆ ಸುದ್ದಿಯನ್ನು ಆಕೆ ನನಗೆ ಹೇಳಿದ ರೀತಿ ನೆನಪಿದೆ. "ರಿಜೆಕ್ಟ್ ಆಯ್ತು ಮೇಡಂ. ಆದ್ರೆ ಅವರು ಬೇಡ ಅಂದಿದ್ದು ಲೇಖನಾನ." ಅಂದು ರಾತ್ರಿ ಆರು ಗಂಟೆ ನಿದ್ದೆ ಮಾಡಿದ್ದರು.

ಪ್ರಕಟವಾಗಿದ್ದ ಆ ಲೇಖನದ ವಿಷಯದಲ್ಲಿ ಆಕೆ ಕೊನೆಗೂ ಬರೆದರು. ಕಳಿಸಿದ ದಿನಾಂಕ, ಮೂಲ ಕಡತ, ಜೊತೆಗೆ ಬಿಲ್. ಬೈಗುಳವಿಲ್ಲದ ನಾಲ್ಕು ವಾಕ್ಯ. ನಾಲ್ಕು ದಿನದಲ್ಲಿ ಲೇಖನ ಅಲ್ಲಿಂದ ಮಾಯವಾಯಿತು. ಉತ್ತರವೂ ಬರಲಿಲ್ಲ, ಹಣವೂ ಬರಲಿಲ್ಲ. ಇದನ್ನು ಗೆಲುವು ಎನ್ನಲು ನನಗೆ ಮನಸ್ಸಿಲ್ಲ. ಆಕೆಗೆ ಅನ್ಯಾಯವಾಗಿದೆ, ಅದು ಸರಿಯಾಗಿಲ್ಲ. ವಕೀಲರ ಬಳಿ ಹೋಗಬೇಕೇ ಎಂದು ಯೋಚಿಸಿ, ಸದ್ಯಕ್ಕೆ ಬೇಡವೆಂದು ಆಕೆಯೇ ನಿರ್ಧರಿಸಿದರು. ಕಾಗದಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ ಎಂದಿದ್ದೇನೆ.

ಮೂರು ತಿಂಗಳ ನಂತರ ಒಮ್ಮೆ ಬಂದಿದ್ದರು. ನಿದ್ದೆ ವಾರದಲ್ಲಿ ಐದು ದಿನ ಸರಿಯಾಗಿದೆ. ಪೋರ್ಟ್‌ಫೋಲಿಯೊಗೆ ನಾಲ್ಕನೇ ಬರಹ ಸೇರಿದೆ, ಅದರಡಿ ಅವರದೇ ಹೆಸರು. ಅಂದು ಬೆಳಿಗ್ಗೆ ದೊಡ್ಡದೊಂದು ಕಡೆಯಿಂದ ಸ್ಯಾಂಪಲ್ ಕೇಳಿದ್ದಕ್ಕೆ ಸಿದ್ಧ ಉತ್ತರ ಕಳಿಸಿ ನೇರ ನನ್ನ ಬಳಿ ಬಂದಿದ್ದರು. ನನಗೇ ಕುತೂಹಲ ತಡೆಯಲಾಗಲಿಲ್ಲ, ಅವರಿಂದ ಏನಾದರೂ ಬಂತೇ ಎಂದು ಕೇಳಿದೆ.

"ನೋಡಿಲ್ಲ," ಎಂದರು. "ಸಂಜೆ ನೋಡ್ತೀನಿ."